ಗಾಜಿನ ಆಫೀಸಿನಲ್ಲಿ ರೇಣುಕಮ್ಮನ ಟಕಟಕ

ರೇಣುಕಮ್ಮನ ಬೆರಳ ತುದಿಗಳು ಮರಗಟ್ಟಿ ಕೆಲವು ವರ್ಷಗಳಾಗಿದ್ದವು. ಚಹಾದ ಲೋಟ ಸುಡುತ್ತಿದೆಯೋ ಆರಿದೆಯೋ ತಿಳಿಯುತ್ತಿರಲಿಲ್ಲ. ಹೂ ಕಟ್ಟುವಾಗ ದಾರ ಜಾರಿ ಹೋದದ್ದು ಕಣ್ಣಿಗೆ ಕಂಡ ಮೇಲೇ ಗೊತ್ತಾಗುತ್ತಿತ್ತು. ಚಿತ್ರದುರ್ಗದ ಡಾಕ್ಟರು ಅವರ ಕಣ್ಣು ಮುಚ್ಚಿಸಿ ಸೂಜಿಯಿಂದ ಚುಚ್ಚಿ, "ಈಗ ಯಾವ ಬೆರಳು?" ಎಂದು ಕೇಳಿದಾಗ ರೇಣುಕಮ್ಮ, "ಇನ್ನೂ ಚುಚ್ಚಿಲ್ವಲ್ಲ ಸಾರ್" ಎಂದರು. ಸಕ್ಕರೆ ಕಾಯಿಲೆಯಿಂದ ನರಗಳು ಸೋತಿವೆ ಎಂದು ಹೇಳಿದ ಡಾಕ್ಟರು, ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದರು. ಟೈಪಿಂಗ್ ಎಂಬ ಉತ್ತರ ಕೇಳಿ ಸೂಜಿಯನ್ನು ಮೇಜಿನ ಮೇಲಿಟ್ಟರು.

ಆ ಬೆರಳುಗಳಿಗೆ ಬಿಡುವು ಎಂಬುದು ಎಂದೂ ಇರಲಿಲ್ಲ. ರೇಣುಕಮ್ಮ ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ಸೀರೆ ನೇಯುವ ಮನೆಯಲ್ಲಿ. ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತರೆ ಮಗಳು ಪಕ್ಕದಲ್ಲಿ ನೂಲು ಸುತ್ತಿ ಕೊಡಬೇಕು. ಎಳೆ ತುಂಡಾದರೆ ಕತ್ತಲಲ್ಲೂ ಬೆರಳಿಗೆ ಸಿಗುತ್ತಿತ್ತು. ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ಬಾಲರಾಜು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಕೂತಿರಲಾರದೆ ರೇಣುಕಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದರು. ಅತ್ತೆ ಗೊಣಗಿದರು. "ಮಗ್ಗ ಬಡಿಯೋದು ಬಿಟ್ಟು ಮಿಷನ್ ಬಡಿಯೋಕೆ ಹೋಗ್ತೀಯಾ?" ಎಂದು ಕೇಳಿದರು. ಹೋದರು. ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾದರು. ಊರಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು.

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ, ಇಂಥವು ಊರೂರಲ್ಲೂ ಇವೆ.

ಪ್ರಶ್ನೆಪತ್ರಿಕೆ, ನೋಟಿಸು, ಪೋಷಕರಿಗೆ ಪತ್ರ, ಅಧ್ಯಕ್ಷರ ಭಾಷಣ, ಎಲ್ಲ ರೇಣುಕಮ್ಮನ ಕೈಯಿಂದಲೇ ಆಗಬೇಕು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ದಪ್ಪ ಕೀಗಳ ಹಳೇ ಕೀಬೋರ್ಡ್ ಇದ್ದಷ್ಟು ದಿನ ಹೇಗೋ ನಡೆಯಿತು. ಅದು ಕೆಟ್ಟು, ಬಿಸ್ಕತ್ತಿನಷ್ಟು ತೆಳ್ಳಗಿನ ಹೊಸದು ಬಂದ ದಿನದಿಂದ ಕಷ್ಟ ಶುರುವಾಯಿತು. ಒತ್ತಿದೆನೋ ಇಲ್ಲವೋ ಬೆರಳು ಹೇಳುತ್ತಿರಲಿಲ್ಲ. ಒತ್ತಿದ್ದೇನೆ ಅಂದುಕೊಂಡ ಅಕ್ಷರ ಬಂದಿರುತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದ ಬೆರಳಿನಡಿ ಒಂದೇ ಅಕ್ಷರ ಸಾಲುಗಟ್ಟಿ ಓಡುತ್ತಿತ್ತು. ಒಮ್ಮೆ ಪೋಷಕರಿಗೆ ಹೋದ ನೋಟಿಸಿನಲ್ಲಿ "ಪರೀಕ್ಷೆ" ಎಂಬುದು ಎಲ್ಲ ಕಡೆ "ಪರೀಕೆ" ಆಗಿತ್ತು. ವಾಟ್ಸಾಪಿನಲ್ಲಿ ಊರೆಲ್ಲ ನಕ್ಕಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪಿಲ್ಲದೆ ಟೈಪ್ ಮಾಡಿದ್ದನ್ನು ಯಾರೂ ವಾಟ್ಸಾಪಿಗೆ ಹಾಕಿರಲಿಲ್ಲ.

ಆಗ ನೆರವಾದವನು ಜಾಕಿರ್. ಅವನಪ್ಪ ಅಬ್ದುಲ್ ರಹೀಮ್ ಸಾಬರು ಇನ್‌ಸ್ಟಿಟ್ಯೂಟಿನ ಟೈಪ್‌ರೈಟರ್‌ಗಳನ್ನು ರಿಪೇರಿ ಮಾಡುತ್ತಿದ್ದವರು. ಅದೇ ಅಂಗಡಿಯಲ್ಲಿ ಈಗ ಜಾಕಿರ್ ಮೊಬೈಲ್ ರಿಪೇರಿ ಮಾಡುತ್ತಾನೆ. ರೇಣುಕಮ್ಮ ಫೋನಿಗೆ ಗಾಜು ಹಾಕಿಸಲು ಹೋದಾಗ ಬೆರಳಿನ ವಿಷಯ ಬಂತು.

"ರೇಣುಕಕ್ಕ, ಒಂದು ಸಾಮಾನು ಐತೆ, ತರಿಸ್ಲಾ? ನೋಡೋಕೆ ನಮ್ಮಬ್ಬಾನ ಕಾಲದ ಟೈಪ್‌ರೈಟರ್. ಆದ್ರೆ ಹೊಸಾದು. ಫೋನಿಗೂ ಆಗ್ತೈತೆ, ಕಂಪ್ಯೂಟರಿಗೂ ಆಗ್ತೈತೆ, ವೈರೇ ಬೇಡ."

ವಾರದಲ್ಲಿ ತರಿಸಿದ. ಕಪ್ಪು ಬಣ್ಣ, ಬೆಳ್ಳಿಯಂಚಿನ ಗುಂಡನೆ ಕೀಗಳು, ಎಡಗಡೆ ಒಂದು ಸಣ್ಣ ಹಿಡಿ. ಅದನ್ನು ಎಳೆದರೆ ಮುಂದಿನ ಸಾಲಿಗೆ ಹೋಗುತ್ತದೆ. ಕಾಗದ ಸಿಕ್ಕಿಸುವ ಜಾಗದಲ್ಲಿ ಫೋನೋ ಟ್ಯಾಬೋ ನಿಲ್ಲಿಸಲು ಒಂದು ಸೀಳು. ಜಾಕಿರ್ ಮಾತ್ರ ಅನುಮಾನದಲ್ಲೇ ಇದ್ದ.

"ಕನ್ನಡ ಅಕ್ಷರ ಇಲ್ಲ ಅಕ್ಕ, ಬರೀ ಇಂಗ್ಲಿಷು."

"ನಾನೇನು ಅಕ್ಷರ ನೋಡ್ಕೊಂಡು ಹೊಡೆಯೋಳಾ?" ಎಂದು ರೇಣುಕಮ್ಮ ಅಂಗಡಿಯ ಸ್ಟೂಲಿನ ಮೇಲೆಯೇ ಕೂತರು.

ಪ್ರತಿ ಕೀ ಆಳಕ್ಕೆ ಇಳಿದು ಟಕ್ ಎಂದಿತು. ಇಳಿಯದಿದ್ದರೆ ಸದ್ದಿಲ್ಲ, ಸದ್ದಿಲ್ಲದಿದ್ದರೆ ಅಕ್ಷರವಿಲ್ಲ. ಬೆರಳು ಹೇಳದ್ದನ್ನು ಕಿವಿ ಹೇಳತೊಡಗಿತು. ಜಾಕಿರನ ಫೋನಿನ ಪರದೆಯ ಮೇಲೆ ತಮ್ಮ ಅಪ್ಪನ ಹೆಸರು, ಊರಿನ ಹೆಸರು ಟೈಪ್ ಮಾಡಿ, ಓದಿ, "ಕೇಳಿಸ್ತೈತೆ ಕಣಪ್ಪ" ಎಂದರು. ಸಂಬಳದಲ್ಲಿ ಉಳಿಸಿದ್ದ ದುಡ್ಡಿನಿಂದ ಅದನ್ನು ಕೊಂಡು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮನೆಗೆ ನಡೆದರು.

ಮುಂದಿನ ವರ್ಷವೆಲ್ಲ ಕೆಲಸ ಸರಾಗವಾಗಿ ಸಾಗಿತು. ನೋಟಿಸಿನಲ್ಲಿ ತಪ್ಪು ಹುಡುಕುವವರಿಗೆ ಕೆಲಸವಿಲ್ಲದಾಯಿತು. ಆಫೀಸಿನವರು ಮೊದಲೆರಡು ದಿನ ಹುಬ್ಬು ಗಂಟಿಕ್ಕಿದರು, ಆಮೇಲೆ ಫ್ಯಾನಿನ ಸದ್ದಿನ ಹಾಗೆ ಅದನ್ನೂ ಮರೆತರು. ಕಸ ಗುಡಿಸುವ ರಂಗಕ್ಕನಂತೂ, "ಟಕಟಕ ಕೇಳಿದ್ರೆ ಆಫೀಸಿನಾಗೆ ಯಾರೋ ಒಬ್ರು ಕೆಲಸ ಮಾಡ್ತಾ ಅವ್ರೆ ಅಂತ ಧೈರ್ಯ" ಎನ್ನುತ್ತಿದ್ದರು.

ಅಷ್ಟರಲ್ಲಿ ಅಧ್ಯಕ್ಷ ಜಯಣ್ಣನವರಿಗೆ ವಯಸ್ಸಾಯಿತೆಂದು ಅವರ ಅಳಿಯ ಮಾರುತಿ ಆಡಳಿತಾಧಿಕಾರಿಯಾಗಿ ಬಂದ. ಬಂದವನೇ ಗೋಡೆ ಒಡೆಸಿದ, ಗಾಜು ಹಾಕಿಸಿದ, ನೆಲಕ್ಕೆ ಕಾರ್ಪೆಟ್ ಹಾಸಿಸಿದ. ಮಕ್ಕಳ ಶೌಚಾಲಯದ ಬಾಗಿಲು ಮಾತ್ರ ಇನ್ನೂ ತಂತಿಯಲ್ಲೇ ಕಟ್ಟಿತ್ತು. ಆಫೀಸು ನಿಶ್ಶಬ್ದವಾಗಿರಬೇಕೆಂದು ನೋಟಿಸು ಬಂತು. ಆ ನೋಟಿಸನ್ನು ಟೈಪ್ ಮಾಡಿದವರೂ ರೇಣುಕಮ್ಮನೇ.

ಮಾರನೆಯ ದಿನ ಅವನು ಅವರ ಮೇಜಿನ ಮುಂದೆ ನಿಂತ.

"ಏನ್ರಿ ಇದು, ಕುದುರೆ ಓಡಿದಂಗೆ? ಪೇರೆಂಟ್ಸ್ ಬರ್ತಾರೆ. ಏನಂದ್ಕೋತಾರೆ?"

"ಸಾರ್, ಶುಗರ್ ಬಂದು ನನ್ನ ಬೆರಳಿಗೆ ಸ್ಪರ್ಶ ಇಲ್ಲ. ಸದ್ದು ಕೇಳಿದ್ರೇನೇ ಗೊತ್ತಾಗೋದು."

"ಶುಗರ್ ಯಾರಿಗಿಲ್ಲ ಹೇಳ್ರಿ? ನಮ್ಮಾವಂಗೂ ಐತೆ. ಅವರೇನು ಟಕಟಕ ಅಂತಾರಾ?" ಎಂದು ನಕ್ಕ. ಪಕ್ಕದ ಮೇಜಿನವರೂ ನಕ್ಕರು, ಮೇಲಿನವರು ನಕ್ಕಾಗ ನಗುವುದು ಅವರಿಗೆ ಅಭ್ಯಾಸವಾಗಿತ್ತು. ಇದೇ ಮಾರುತಿ ಗಾಜಿನ ಕೋಣೆಯಲ್ಲಿ ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿ ಕೂಗಿದರೆ ಹೊರಗಿನ ಬೇವಿನ ಮರದ ಕಾಗೆ ಏಳುತ್ತಿತ್ತು. ಅದು ಸದ್ದಲ್ಲ.

ರೇಣುಕಮ್ಮನಿಗೆ ಒಂದು ಟ್ಯಾಬ್ ಕೊಟ್ಟು, ಗಾಜಿನ ಮೇಲೆಯೇ ಟೈಪ್ ಮಾಡುವುದನ್ನು ಕಲಿಯಿರಿ ಎಂದ. ಕೀಬೋರ್ಡನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ. "ರೂಢಿ ಆದ್ಮೇಲೆ ಮನೆಗೆ ತಗೊಂಡ್ಹೋಗಿ" ಎಂದ. ಒಬ್ಬ ಮನುಷ್ಯನ ಕನ್ನಡಕ ಕಿತ್ತು ಬೀರುವಿನಲ್ಲಿಟ್ಟು, ಕಾಣುವುದನ್ನು ರೂಢಿ ಮಾಡಿಕೋ ಎಂದರೆ ಹೇಗೆ? ಅದನ್ನು ಯಾರೂ ಕೇಳಲಿಲ್ಲ.

ಗಾಜು ರೇಣುಕಮ್ಮನಿಗೆ ಏನನ್ನೂ ಹೇಳಲಿಲ್ಲ. ಒಂದೊಂದು ಅಕ್ಷರಕ್ಕೂ ಕಣ್ಣು ಕೆಳಗೆ, ಕಣ್ಣು ಮೇಲೆ. ಸಂಜೆಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಮುಗಿಯದ ಕೆಲಸಕ್ಕೆ ಬೈಗುಳ ಬೇರೆ. ಅದೇ ಹೊತ್ತಿಗೆ ಮೊಳಕಾಲ್ಮೂರಿನಲ್ಲಿ ಅವ್ವ ಬಿದ್ದು ಕಾಲು ಮುರಿದುಕೊಂಡರು. ರೇಣುಕಮ್ಮ ರಜೆ ಹಾಕಿ ಹೋದರು.

ವಾಪಸು ಬಂದ ದಿನ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಕುದಾಪುರದ ಕಡೆಯ ಒಂದು ಸಂಶೋಧನಾ ಕೇಂದ್ರದಿಂದ ಹಿರಿಯ ಅಧಿಕಾರಿಯೊಬ್ಬರು ಅತಿಥಿಯಾಗಿ ಬರುವವರಿದ್ದರು. ಬಾಗಿಲಲ್ಲೇ ರಂಗಕ್ಕ ರೇಣುಕಮ್ಮನ ಕೈ ಹಿಡಿದರು.

"ಒಳಗ್ ಹೋಗಿ ನೋಡವ್ವ. ನಾನ್ ಹೇಳಾಕಿಲ್ಲ, ನೀನೇ ನೋಡು."

ಬಂದವರು ಕೂರುವ ಜಾಗದಲ್ಲಿ ಹಿತ್ತಾಳೆ ದೀಪದ ಕಂಬದ ಪಕ್ಕ ಒಂದು ಮೇಜು. ಮೇಲೆ ಕೆಂಪು ಮಖಮಲ್ಲು. ಅದರ ಮೇಲೆ ರೇಣುಕಮ್ಮನ ಕೀಬೋರ್ಡು. ಚಾರ್ಜರ್ ಚುಚ್ಚುವ ತೂತು ಕಾಣದ ಹಾಗೆ ಗೋಡೆ ಕಡೆ ತಿರುಗಿಸಿ ಇಟ್ಟಿದ್ದರು. ಮುಂದೆ ಚಿನ್ನದ ಬಣ್ಣದ ಅಕ್ಷರದ ಫಲಕ: "ಸಂಸ್ಥೆಯ ಸ್ಥಾಪನಾ ಕಾಲದ ಟೈಪ್‌ರೈಟರ್. ದಯವಿಟ್ಟು ಮುಟ್ಟಬೇಡಿ."

ರೇಣುಕಮ್ಮ ಅದನ್ನು ಎರಡು ಸಲ ಓದಿದರು. ಒಬ್ಬ ಪೋಷಕರು ಮಗಳನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. "ಆಗಿನ ಕಾಲದವರು ಇದರಾಗೆ ಕೆಲಸ ಮಾಡ್ತಿದ್ರಂತೆ" ಎಂದು ಮಗಳಿಗೆ ಹೇಳುತ್ತಿದ್ದರು. ಕೆಲಸಕ್ಕೆ ಇಟ್ಟರೆ ಗಲಾಟೆ, ಮಖಮಲ್ಲಿನ ಮೇಲಿಟ್ಟರೆ ಪರಂಪರೆ! ಅದನ್ನು ಕೊಂಡ ಕೈಗೇ ಮುಟ್ಟಬೇಡಿ ಎಂಬ ಬೋರ್ಡು!

ಅಷ್ಟು ಹೊತ್ತಿಗೆ ಅತಿಥಿಗಳು ಬಂದರು. ಹಾರ, ಶಾಲು, ಪನ್ನೀರು ಎಲ್ಲ ಆಯಿತು. ಮಾರುತಿ ಅವರನ್ನು ಮಖಮಲ್ಲಿನ ಮೇಜಿನ ಕಡೆ ಕರೆತಂದ.

"ಇದು ನಮ್ಮ ಮಾವನವರು ಕಾಲೇಜು ಕಟ್ಟಿದಾಗ ಬಳಸಿದ ಟೈಪ್‌ರೈಟರ್ ಸಾರ್. ಕಾಪಾಡ್ಕೊಂಡು ಬಂದಿದ್ದೀವಿ."

"ಅದು ನಂದು" ಎಂದರು ರೇಣುಕಮ್ಮ.

ಎಲ್ಲರೂ ತಿರುಗಿದರು. ರೇಣುಕಮ್ಮ ನಿಲ್ಲಿಸಲಿಲ್ಲ. "ಅದು ನಂದು ಸಾರ್. ಜಾಕಿರ್ ಅಂಗಡೀಲಿ ತಗೊಂಡಿದ್ದು. ಟೈಪ್‌ರೈಟರ್ ಅಲ್ಲ, ಕೀಬೋರ್ಡು. ಇವರು ನನ್ನ ಮೇಜಿಂದ ಎತ್ಕೊಂಡು ಬೀಗ ಹಾಕಿದ್ರು."

ಮಖಮಲ್ಲಿನ ಹತ್ತಿರ ಹೋಗಿ ಸ್ವಿಚ್ ಒತ್ತಿದರು. ಕೀಗಳ ಕೆಳಗೆ ನೀಲಿ ದೀಪ ಹೊತ್ತಿತು. ಫೋಟೋ ತೆಗೆಸಿಕೊಂಡಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಮಾರುತಿಯ ಮುಖ ಕಪ್ಪಿಟ್ಟಿತು. ಅತಿಥಿಗಳು ಒಮ್ಮೆ ಕೀಬೋರ್ಡನ್ನು, ಒಮ್ಮೆ ರೇಣುಕಮ್ಮನನ್ನು ನೋಡಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಪ್ರದರ್ಶನದ ಕಡೆ ನಡೆದರು. ದೊಡ್ಡವರಿಗೆ ಅಷ್ಟು ಸಾಕು, ಅವರಿಗೆ ಇನ್ನೊಂದು ಕಾರ್ಯಕ್ರಮವಿತ್ತು. ರೇಣುಕಮ್ಮ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರೆದುರೇ ಹೊರಗೆ ನಡೆದರು.

ಮಾರನೆಯ ದಿನ ಅವರ ಕೈಗೆ ಒಂದು ನೋಟಿಸು ಬಂತು. ಸಂಸ್ಥೆಯ ಆಸ್ತಿಯನ್ನು ಅನುಮತಿಯಿಲ್ಲದೆ ಕೊಂಡೊಯ್ದಿದ್ದೀರಿ, ವಿವರಣೆ ಕೊಡಿ! ಅದನ್ನು ಟೈಪ್ ಮಾಡಿದವರು ಯಾರೋ, ಸಾಲಿಗೆರಡು ತಪ್ಪಿದ್ದವು.

ಸುದ್ದಿ ಕೇಳಿ ಜಾಕಿರ್ ಅಂಗಡಿಗೆ ಬಾಗಿಲು ಹಾಕಿ ಬಂದ. ಮಾರುತಿಯ ಕೋಣೆಯ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದ.

"ಸಾರ್, ಆ ಕೀಬೋರ್ಡ್ ನಾನ್ ಮಾರಿದ್ದು. ರೇಣುಕಕ್ಕಂಗೆ. ಕಳ್ಳತನ ಅಂತ ಹೆಂಗ್ ಬರೆದ್ರಿ?"

"ನೀನ್ಯಾರಯ್ಯ? ಹೊರಗ್ ನಡಿ."

"ಹೋಗ್ತೀನಿ. ಮೊದ್ಲು ಆ ಮಾತು ವಾಪಸ್ ತಗೊಳ್ರಿ. ನಮ್ಮಬ್ಬಾಗೆ ಗೊತ್ತಿರೋ ಹೆಣ್ಮಗಳು ಇವ್ರು. ಕಳ್ಳಿ ಅಂದ್ರೆ ಕೇಳ್ಕೊಂಡಿರಾಕಾಗಲ್ಲ."

ಜಗಳದ ಸದ್ದು ಗಾಜು ದಾಟಿತು. ಕೊನೆಗೆ ಅಧ್ಯಕ್ಷ ಜಯಣ್ಣನವರೇ ಕೋಲೂರಿಕೊಂಡು ಬರಬೇಕಾಯಿತು. ಎಲ್ಲ ಕೇಳಿದರು. ಅಳಿಯನನ್ನು ಬೈಯಲಿಲ್ಲ. ಮನೆತನದ ಮಾನವಲ್ಲವೇ! ರೇಣುಕಮ್ಮನ ಕಡೆ ತಿರುಗಿ ಮೆತ್ತಗೆ ಹೇಳಿದರು.

"ನೋಡಮ್ಮ, ಸಾಮಾನು ನಿಂದೇ, ಇಟ್ಕೋ. ನೋಟಿಸ್ ಹರಿದಾಕಿಸ್ತೀನಿ. ಆದ್ರೆ ಇಲ್ಲಿ ಬೇಡ. ಆಟದ ಸಾಮಾನಿನ ರೂಮ್ ಖಾಲಿ ಐತಲ್ಲ, ಅಲ್ಲಿ ಕೂತು ಎಷ್ಟು ಬೇಕಾದ್ರೂ ಸದ್ದು ಮಾಡ್ಕೋ."

ಒಡೆದ ಕೇರಂ ಬೋರ್ಡು, ಹರಿದ ವಾಲಿಬಾಲ್ ನೆಟ್ಟು, ಕಿಟಕಿಯಿಲ್ಲದ ಗೋಡೆ. ರೇಣುಕಮ್ಮನಿಗೆ ಆ ಕೋಣೆ ಗೊತ್ತಿತ್ತು.

"ಯಾವ ತಪ್ಪಿಗೆ ಸಾರ್?" ಎಂದು ಕೇಳಿದರು.

"ತಪ್ಪು ಅಂತಲ್ಲಮ್ಮ, ಅನುಕೂಲಕ್ಕೆ."

"ನನ್ನ ಅನುಕೂಲಕ್ಕಲ್ಲ. ನಾನು ಕಳ್ಳತನ ಮಾಡಿಲ್ಲ, ಕೆಲಸದಾಗೆ ಮೋಸ ಮಾಡಿಲ್ಲ. ಸುಳ್ಳು ಬೋರ್ಡ್ ಬರೆಸಿದೋರು ಗಾಜಿನ ರೂಮಿನಾಗೆ ಕೂತ್ಕೋತಾರೆ, ನಾನು ಗೋಡೌನ್‌ಗೆ ಹೋಗ್ಬೇಕಾ? ಹೋಗಲ್ಲ. ಕೆಲಸದಿಂದ ತೆಗೀತೀನಿ ಅಂದ್ರೆ ತೆಗೀರಿ. ಯಾಕೆ ತೆಗೆದ್ರಿ ಅಂತ ಊರಿಗೆ ನಾನೇ ಹೇಳ್ತೀನಿ."

ಹೇಳಿ, ತಮ್ಮ ಮೇಜಿಗೆ ಹೋಗಿ, ಟ್ಯಾಬನ್ನು ಪಕ್ಕಕ್ಕೆ ಸರಿಸಿ, ಕೀಬೋರ್ಡ್ ಇಟ್ಟು ಕೂತರು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಿತ್ತು, ಪ್ರಶ್ನೆಪತ್ರಿಕೆಗಳ ಕಟ್ಟು ಮುಟ್ಟುವವರಿಲ್ಲದೆ ಬಿದ್ದಿತ್ತು. ಜಯಣ್ಣನವರಿಗೆ ಅದು ಕಂಡಿತು. ಆಟದ ಸಾಮಾನಿನ ರೂಮಿನ ಮಾತು ಬಿಟ್ಟು ಕೋಲೂರಿಕೊಂಡು ಹೊರಟರು. ಮಾರುತಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡ. ಆಫೀಸಿನಲ್ಲಿ ಮತ್ತೆ ಟಕಟಕ ಶುರುವಾಯಿತು.

ಈಗಲೂ ರೇಣುಕಮ್ಮ ಅದೇ ಕುರ್ಚಿಯಲ್ಲಿದ್ದಾರೆ. ಆದರೆ ಇದನ್ನು ಗೆಲುವು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಮ್ಮದೇ ವಸ್ತು ತಮಗೆ ಸಿಕ್ಕಿತು, ತಮ್ಮದೇ ಜಾಗದಲ್ಲಿ ತಾವು ಕೂತರು, ಇದರಲ್ಲಿ ಗೆದ್ದದ್ದೇನು? ಕಳ್ಳಿ ಎಂದು ಬರೆದ ಕೈ ಇನ್ನೂ ಅಲ್ಲೇ ಸಹಿ ಹಾಕುತ್ತಿದೆ. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬಂದಿಲ್ಲ. ರೇಣುಕಮ್ಮ ಅವನಿಗೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾರೆ.

ಮೊನ್ನೆ ಊಟದ ಹೊತ್ತಿನಲ್ಲಿ ಬೇವಿನ ಮರದಡಿ ಬುತ್ತಿ ಬಿಚ್ಚಿಕೊಂಡು ಕೂತಾಗ ರಂಗಕ್ಕ ಕೇಳಿದರು.

"ಇನ್ನೂ ಸಿಟ್ಟು ಇಳೀಲಿಲ್ವೇನವ್ವ?"

ರೇಣುಕಮ್ಮ ರೊಟ್ಟಿ ಮುರಿಯುತ್ತ ಹೇಳಿದರು.

"ಯಾಕ್ ಇಳೀಬೇಕು?"