ನಾಳೆಗೆ ಉಂಟಾ?

ಫರಂಗಿಪೇಟೆಯ ಹೆದ್ದಾರಿ ಬದಿಯ ಅಂಗಡಿ ಜಗಲಿಗಳಲ್ಲಿ ವರ್ಷಗಟ್ಟಲೆ ಮಲಗಿದ್ದವರು ಅವರು. ಕಾಲಿನ ಹುಣ್ಣು ಕೊಳೆತ ಮೇಲೆ ಯಾರೋ ನಾನು ನರ್ಸ್ ಆಗಿದ್ದ ಆಶ್ರಮಕ್ಕೆ ತಂದು ಬಿಟ್ಟರು. ಮನೆಯಿಲ್ಲದ ಕಾಯಿಲೆಯವರಿಗೆಂದೇ ಇದ್ದ ಜಾಗ ಅದು. ಮಂಚ ಕೊಟ್ಟರೂ ಹಾಸಿಗೆಯನ್ನು ನೆಲಕ್ಕೆಳೆದು, ಚಪ್ಪಲಿಯನ್ನು ತಲೆಯಡಿ ಇಟ್ಟು ಮಲಗುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ತಟ್ಟೆಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು.

ತಿಂಡಿ ಬಡಿಸಿದಾಗಲೆಲ್ಲ ಒಂದೇ ಪ್ರಶ್ನೆ: "ನಾಳೆಗೆ ಉಂಟಾ ಸಿಸ್ಟರ್?"

"ಉಂಟು ಮಾರಾಯ್ರೆ. ನಾಳೆಗೂ ಉಂಟು, ನಾಡಿದ್ದಿಗೂ ಉಂಟು. ನೀವು ತಿನ್ನಿ."

ತಲೆಯಾಡಿಸುತ್ತಿದ್ದರು.

ಸಕ್ಕರೆ ಕಾಯಿಲೆ ಜೋರಿತ್ತು. ಹೊಟ್ಟೆಗೆ ಏನೂ ಬೀಳದೆ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಹಾಗಾಗಿ ಖಾಲಿ ತಟ್ಟೆ ನೋಡಿದ ಮೇಲೆಯೇ ನಾನು ಸೂಜಿ ಚುಚ್ಚುತ್ತಿದ್ದೆ. ಅಂದೂ ತಟ್ಟೆ ಖಾಲಿಯಿತ್ತು. ಚುಚ್ಚಿದೆ. ತಿಂದಿರಾ ಎಂದು ಕೇಳಲೂ ಇಲ್ಲ. ಉಳಿದವರ ಗಾಯಗಳಿಗೆ ಡ್ರೆಸ್ಸಿಂಗ್ ಮುಗಿಸಿ ಬರುವಾಗ ಅವರು ಬೆವರಿನಲ್ಲಿ ತೊಯ್ದು ಎಚ್ಚರ ತಪ್ಪಿ ಬಿದ್ದಿದ್ದರು. ಗ್ಲೂಕೋಸ್ ಏರಿಸಿದೆವು, ಕಣ್ಣು ತೆರೆಯಲಿಲ್ಲ. ಆಂಬುಲೆನ್ಸ್ ಬರುವ ಮೊದಲೇ ಎಲ್ಲ ಮುಗಿದಿತ್ತು.

ಸಂಜೆ ಹಾಸಿಗೆ ಮಡಚಲು ಹೋದ ಆಯಾ ನನ್ನನ್ನು ಕರೆದರು. "ಸಿಸ್ಟರ್, ಇಲ್ಲೊಮ್ಮೆ ನೋಡಿ."

ಹಾಸಿಗೆಯಡಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವಿತ್ತು. ಬೆಳಿಗ್ಗೆ ನಾನೇ ಬಡಿಸಿದ ನಾಲ್ಕು ಇಡ್ಲಿಗಳೂ ಅದರೊಳಗೆ ಹಾಗೆಯೇ ಇದ್ದವು.

ಅವರು ನನ್ನ ಮಾತನ್ನು ನಂಬಿರಲಿಲ್ಲ. ನಾನು ಅವರ ತಟ್ಟೆಯನ್ನು ನಂಬಿದ್ದೆ.