ಹಿಕರಿ ಕಣಿವೆಯ ಒಂಟಿ ಮತ

ಮತಗಟ್ಟೆಯಾಗಿದ್ದ ಅಗ್ನಿಶಾಮಕ ಠಾಣೆಯ ಬಾಗಿಲಿಗೆ ಅಂಟಿಸಿದ್ದ ಮತ ಎಣಿಕೆಯ ಚೀಟಿಯನ್ನು ಹೋಬರ್ಟ್ ಸ್ಲೋನ್ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅಧ್ಯಕ್ಷ ಪದವಿಗೆ ಹಿಕರಿ ಕಣಿವೆಯ ಮತಗಳೆಲ್ಲ ರಿಪಬ್ಲಿಕನ್ನರಿಗೆ ಬಿದ್ದಿದ್ದವು. ಡೆಮಾಕ್ರಟ್ ಹೆಸರಿನ ಮುಂದೆ ಒಂದೇ ಒಂದು, ಬೇಯಿಸಿದ ಬೀನ್ಸಿನಲ್ಲಿ ಕಲ್ಲು ಸಿಕ್ಕಂತೆ.

ಅವನ ಅಪ್ಪನ ಕಾಲದಲ್ಲಿ ಇದೇ ಚೀಟಿ ತಲೆಕೆಳಗಾಗಿರುತ್ತಿತ್ತು. ಡೆಮಾಕ್ರಟರ ಬೆನ್ನಿಗಿದ್ದ ಗಣಿ ಕಾರ್ಮಿಕರ ಸಂಘ ಗಟ್ಟಿಯಾಗಿದ್ದ ಕಾಲ. "ಕೈ ಕಡಿದು ನಾಯಿಗೆ ಹಾಕ್ತೀನಿ, ರಿಪಬ್ಲಿಕನ್ನರಿಗೆ ಮಾತ್ರ ಒತ್ತಲ್ಲ" ಎನ್ನುತ್ತಿದ್ದ ಅಪ್ಪ. ಆಗಲೂ ಒಂದು ಒಂಟಿ ಮತ ಬೀಳುತ್ತಿತ್ತು. ಅದು ಕಮ್ಮಾರ ಎಸ್ಟಿಲ್‌ನದೆಂದು ಹಾಲುಗೂಸಿಗೂ ಗೊತ್ತು. ಅವನ ಮುತ್ತಜ್ಜ ಅಂತರ್ಯುದ್ಧದಲ್ಲಿ ಉತ್ತರದವರ ಪಡೆ ಸೇರಿದ್ದ, ಅಂದಿನಿಂದ ಆ ಮನೆಯವರು ರಿಪಬ್ಲಿಕನ್ನರೇ. ಎಸ್ಟಿಲ್‌ನನ್ನು ಗೇಲಿ ಮಾಡಿದರೇ ಹೊರತು ಯಾರೂ ಅನುಮಾನದಿಂದ ನೋಡಲಿಲ್ಲ.

ಹೋಬರ್ಟನೂ ಮೀಸೆ ಚಿಗುರುವಾಗಲೇ ಗಣಿಗಿಳಿದ, ಅಪ್ಪನಂತೆಯೇ ಮತ ಹಾಕಿದ. ಆಮೇಲೆ ಸಂಘ ಸತ್ತಿತು, ಗಣಿಗಳು ಬಾಯಿ ಮುಚ್ಚಿದವು, ಕಲ್ಲಿದ್ದಲೇ ಹೊಲಸೆಂದು ಅಪ್ಪನ ಪಕ್ಷದವರೇ ಹೇಳತೊಡಗಿದರು. ಒಂದು ಚುನಾವಣೆಯಲ್ಲಿ ಹೋಬರ್ಟ್ ಮನಸ್ಸಿನಲ್ಲೇ ಅಪ್ಪನ ಕ್ಷಮೆ ಕೇಳಿ ರಿಪಬ್ಲಿಕನ್ನರಿಗೆ ಒತ್ತಿದ. ಹೊರಬಂದು ನೋಡಿದರೆ ಕಣಿವೆಯೆಲ್ಲ ಅದನ್ನೇ ಮಾಡಿತ್ತು. ಊರ ಪೊಲೀಸ್ ಮುಖ್ಯಸ್ಥನಾದ ಶೆರಿಫನ ಹುದ್ದೆಗೆ ಯಾರು ನಿಲ್ಲಬೇಕೆಂದು ಆ ಪಕ್ಷದೊಳಗೇ ಆರಿಸುವಾಗ ಬಾಯಿ ಹಾಕಬೇಕಲ್ಲ ಎಂದು ಎಲ್ಲರೂ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ್ದು ಮಾತ್ರ ಇಂದಿಗೂ ಡೆಮಾಕ್ರಟ್ ಎಂದೇ. ಹಾಗಾಗಿ ಪಟ್ಟಿ ನೋಡಿ ಒಂಟಿ ಮತದ ಕಳ್ಳನನ್ನು ಹಿಡಿಯುವಂತಿಲ್ಲ.

ಪೆಟ್ರೋಲ್ ಬಂಕಿನ ಹಿಂದಿನ ಮೇಜಿನಲ್ಲಿ ಗೆಳೆಯರು ಆಗಲೇ ಕೂತಿದ್ದರು.

"ಬಂದ ನೋಡು, ಸಂಘದ ಮಗ!" ಎಂದ ಡೆನ್ವರ್. ಗಣಿಯ ಚಾವಣಿ ಕುಸಿದಾಗ ಹೋಬರ್ಟನನ್ನು ಕಾಲು ಹಿಡಿದು ಎಳೆದವನು ಅವನೇ. "ಅಪ್ಪನ ಫೋಟೋ ಇನ್ನೂ ಗೋಡೆ ಮೇಲೈತೇನೋ?"

"ಇರುತ್ತೆ. ನಿಮ್ಮಪ್ಪನ್ ಮುಖ ನೋಡಿದ್ರೆ ಗೋಡೇನೇ ಬೀಳುತ್ತೆ."

ಎಲ್ಲರೂ ನಕ್ಕರು. ಹೋಬರ್ಟನ ಹೆಂಡತಿ ಲೊರೀನಳ ತಮ್ಮ ಆರ್ಲಿಸ್ ಮಾತ್ರ ನಗಲಿಲ್ಲ. "ಭಾವ, ಬೇಜಾರ್ ಮಾಡ್ಕೋಬೇಡ. ಅಕ್ಕ ಈ ಸಲ ಒಬ್ಳೇ ಹೋಗಿ ವೋಟ್ ಹಾಕಿದ್ಲಂತೆ. ರಿಪಬ್ಲಿಕನ್ನರು ಬಂದ್ರೆ ಆಸ್ಪತ್ರೆ ಮುಚ್ತಾರೆ ಅಂತ ಚರ್ಚ್ ಅಡುಗೆಮನೇಲೂ ಗೊಣಗ್ತಿದ್ಲು."

ಬೆಳಗಿನಿಂದ ಹೋಬರ್ಟನ ತಲೆ ಕೊರೆಯುತ್ತಿದ್ದುದೂ ಅದೇ. ಲೊರೀನಳ ಜೀವವೆಲ್ಲ ಆ ಚರ್ಚಿನ ಒಲೆಯ ಮುಂದೆ. ಈ ಮಾತು ಅಲ್ಲಿಗೆ ಮುಟ್ಟಿದರೆ ಅವಳ ಕೈಯ ಸೌಟು ಕಿತ್ತುಕೊಳ್ಳುತ್ತಾರೆ.

"ಅವಳ ಸುದ್ದಿ ಎತ್ತಬೇಡ. ಆ ವೋಟು ನಂದು" ಎಂದ.

ಡೆನ್ವರ್ ಕಾಫಿಯ ಲೋಟ ತಿರುಗಿಸುತ್ತ, "ಇಷ್ಟು ವರ್ಷ ನಮ್ಜೊತೆ ಉಂಡು..." ಎಂದು ಮುಖ ಆಚೆ ತಿರುಗಿಸಿದ.

ಮನೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಬಂದಿತ್ತು. ಲೊರೀನ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಮುದುಕಾ, ನಿಜವಾಗ್ಲೂ ನಿಂದಾ?"

"ನಿಂದಲ್ವಾ?"

"ದೇವರಾಣೆ ಅಲ್ಲ! ಗೊಣಗಿದ್ದು ನಿಜ. ಗೊಣಗಿದೋರೆಲ್ಲ ಪಕ್ಷ ಬಿಡ್ತಾರೇನು?" ಎಂದವಳು ಕುರ್ಚಿ ಎಳೆದು ಕೂತು, "ಮತ್ತೆ ಯಾರ್ದು?" ಎಂದಳು.

ಮರುದಿನ ಬಂಕಿನಲ್ಲಿ ಹೋಬರ್ಟನ ಕುರ್ಚಿಯ ಮೇಲೆ ಆರ್ಲಿಸ್‌ನ ಟೋಪಿ ಕೂತಿತ್ತು. ಯಾರೂ ಅದನ್ನು ಎತ್ತಲಿಲ್ಲ. ಕಾಫಿ ಹಿಡಿದು ತನ್ನ ಟ್ರಕ್ಕಿಗೆ ಮರಳಿದ ಹೋಬರ್ಟ್ ಗಾಜಿನಾಚೆಗಿನ ಒಂದೊಂದೇ ಮುಖವನ್ನು ನೋಡುತ್ತ ಕುಳಿತ, ಆ ಮತ ನಿಜಕ್ಕೂ ಹಾಕಿದವರು ಇವರಲ್ಲಿ ಯಾರು, ಯಾರ ಗಂಟಲಲ್ಲಿ ತುತ್ತು ಸಲೀಸಾಗಿ ಇಳಿಯುತ್ತಿಲ್ಲವೆಂದು.