ಬರಡು ಎಂದು ಬರೆದ ದಿಬ್ಬ

ನನ್ನ ಯಜಮಾನರ ಹನ್ನೊಂದನೇ ದಿನದ ತಿಥಿ ಮುಗಿದ ಮರುದಿನವೇ ಅವರ ಕಚೇರಿಯಿಂದ ಫೋನು ಬಂತು. ಕಚೇರಿ ಇರುವುದು ಮಲ್ಲೇಶ್ವರಂನಲ್ಲಿ, ಸಂಪಿಗೆ ರಸ್ತೆಯಿಂದ ಎರಡು ತಿರುವು ಒಳಗೆ. ಹಳೆಯ ಮನೆಯೊಂದಕ್ಕೆ ಗಾಜು ಬಡಿದು ಕಚೇರಿ ಮಾಡಿಕೊಂಡಿದ್ದಾರೆ. ಗಣಿಯವರು ಗುಡ್ಡ ಅಗೆದು ಮುಗಿಸಿದ ಮೇಲೆ ಅಲ್ಲಿ ಮತ್ತೆ ಹಸಿರು ಬೆಳೆಸುವುದು ಹೇಗೆ ಎಂದು ವರದಿ ಬರೆದುಕೊಡುವುದು ಅವರ ಕಸುಬು. ಗುಡ್ಡಕ್ಕೆ ಹೋಗಿ ಯಾವ ಗಿಡ ಎಲ್ಲಿ, ಯಾವುದರ ಜೊತೆ ಬೆಳೆದಿದೆ ಎಂದು ಎಣಿಸುತ್ತಿದ್ದವರು ನನ್ನ ಯಜಮಾನರು. ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದೇವೆ, ಬನ್ನಿ ಎಂದರು. ಬರುವಾಗ ಅವರ ಎಣಿಕೆಯ ಪುಸ್ತಕ ತನ್ನಿ, ವರದಿ ಕಳಿಸುವ ದಿನ ಹತ್ತಿರ ಬಂತು ಎಂದೂ ಸೇರಿಸಿದರು. ಎರಡನೆಯ ಮಾತಿಗೆ ದನಿ ಚುರುಕಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಗಿಡಗಳ ಲ್ಯಾಟಿನ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಆದರೆ ತ್ಯಾಗರಾಜನಗರದ ನಮ್ಮ ಮನೆಯ ಅರ್ಧ ಹಜಾರ ಅವರು ತಂದ ಗಿಡಗಳದ್ದೇ ಆಗಿತ್ತು. ಎರಡು ಹಲಗೆಗಳ ನಡುವೆ ಪೇಪರಿನಲ್ಲಿ ಒತ್ತಿಟ್ಟ ಗಿಡಗಳಿಗೆ ದಿನಾ ಬೆಳಿಗ್ಗೆ ಒಣ ಪೇಪರು ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆ ಕೆಲಸ ನನ್ನದು. ಮುಟ್ಟಿ ಮುಟ್ಟಿ ಗುರುತು ಸಿಕ್ಕಿತು. ಎರಡು ಮಳೆಗಾಲ ಅವರ ಜೊತೆ, ಈ ವರದಿಗಾಗಿ ಎಣಿಸುತ್ತಿದ್ದ ಕಬ್ಬಿಣದ ಅದಿರಿನ ಗುಡ್ಡಕ್ಕೂ ಹೋದೆ. ಒಂದು ಮೀಟರಿನ ಪೈಪಿನ ಚೌಕವನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಅದರೊಳಗೆ ಬೆಳೆದದ್ದನ್ನೆಲ್ಲ ಎಣಿಸಬೇಕು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಗಣಿ ಅಗೆದು ಸುರಿದ ಕೆಂಪು ಮಣ್ಣಿನ ದಿಬ್ಬವೊಂದು ಅವರಿಗೆ ಬಹಳ ಪ್ರೀತಿ. ಯಾರೂ ನೆಡದೆ, ನೀರು ಹಾಕದೆ, ಅದರ ಮೇಲೆ ಹುಲ್ಲು ಹಬ್ಬಿತ್ತು.

"ಇಲ್ಲಿ ಏನು ಬದುಕುತ್ತೆ ಅಂತ ದಿಬ್ಬಾನೇ ಹೇಳ್ತಿದೆ ಕಣೇ. ನಮ್ಮ ಆಫೀಸಿನೋರಿಗೆ ಕೇಳೋಕೆ ಪುರುಸೊತ್ತಿಲ್ಲ," ಎನ್ನುತ್ತಿದ್ದರು.

ಸಭೆಯಲ್ಲಿದ್ದದ್ದು ಹನ್ನೊಂದು ಜನ, ಅಷ್ಟಕ್ಕೆ ಒಂದು ಮೈಕು. ಕಚೇರಿಯ ಮುಖ್ಯಸ್ಥರು ನನ್ನ ಯಜಮಾನರನ್ನು ಮರಗಳ ಪ್ರೇಮಿ ಎಂದು ಕರೆದರು. ಮೂವತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು, ಆ ಮನುಷ್ಯನ ಮಂಡಿ ಸವೆದದ್ದು ಹುಲ್ಲು ಎಣಿಸಿ ಎಂಬುದನ್ನು ಗಮನಿಸಿರಲಿಲ್ಲ. ಆಮೇಲೆ ಒಂದು ಘೋಷಣೆ ಮಾಡಿದರು. ಅವರ ನೆನಪಿಗಾಗಿ ಅದೇ ಕೆಂಪು ದಿಬ್ಬದ ತುಂಬ ಅಕೇಶಿಯ ಸಸಿ ನೆಟ್ಟು, ಅವರ ಹೆಸರಿನ ಫಲಕ ಹಾಕುತ್ತಾರಂತೆ. ಗುಂಡಿ ತೋಡುವ ಯಂತ್ರ ಸೋಮವಾರ ಬರುತ್ತದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತವರಿಗೆ ಚಪ್ಪಾಳೆ ತಟ್ಟುವವರನ್ನು ನಾನು ಕಂಡದ್ದು ಅಲ್ಲೇ.

ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಆ ದಿಬ್ಬದ ಬಗ್ಗೆ ವರದಿಯಲ್ಲಿ ಏನಿದೆ ತೋರಿಸಿ ಎಂದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ತೆರೆದಳು. ಬರಡು ಭೂಮಿ, ಸಸ್ಯ ಸೊನ್ನೆ ಎಂದಿತ್ತು. ಯಜಮಾನರು ಆಸ್ಪತ್ರೆಯಲ್ಲಿದ್ದಾಗ, ಸುಡುಬೇಸಿಗೆಯಲ್ಲಿ, ಕಚೇರಿಯವರೇ ಹೋಗಿ ಬಂದಿದ್ದರು. ಅವರ ಫಾರಂನಲ್ಲಿ ಎದೆಯ ಎತ್ತರದಲ್ಲಿ ಕಾಂಡದ ಸುತ್ತಳತೆ ಬರೆಯಬೇಕು. ದಿಬ್ಬದ ಮೇಲೆ ಯಾವುದೂ ಇವರ ಎದೆಯವರೆಗೆ ಬಂದಿರಲಿಲ್ಲ. ಆದ್ದರಿಂದ ಏನೂ ಇರಲಿಲ್ಲ.

"ಹುಲ್ಲಿಗೆ ಕಾಲಮ್ಮೇ ಇಲ್ಲ ಆಂಟಿ," ಎಂದಳು ಹುಡುಗಿ.

ಮುಖ್ಯಸ್ಥರು ಹತ್ತಿರ ಬಂದು, "ಹುಲ್ಲು ಎಲ್ಲಿ ಬೇಕಾದ್ರೂ ಬರುತ್ತೆ ಬಿಡೀಮ್ಮ. ಗ್ರೀನರಿ ಅಂದ್ರೆ ಕಾರಲ್ಲಿ ಕೂತೋರಿಗೂ ಕಾಣ್ಬೇಕು," ಎಂದರು.

ನಾನು ಪುಸ್ತಕ ತೆರೆದು ದಿಬ್ಬದ ಪುಟ ಓದಿದೆ. ಕಾಚಿ ಹುಲ್ಲು, ಕೊಗ್ಗಿಲಿ, ವಿಷ್ಣುಕ್ರಾಂತಿ, ಮೊಳಕಾಲುದ್ದದ ತಂಗಡಿ, ಬಂಡೆಯ ಸಂದಿಯಲ್ಲಿ ಬಂದರಿಕೆ. ಯಾವ ಚೌಕದಲ್ಲಿ ಎಷ್ಟು ಎಂದೂ ಓದಿದೆ. ಇವನ್ನು ವರದಿಗೆ ಸೇರಿಸಿ, ಗುಂಡಿ ತೋಡಬೇಡಿ, ಫಲಕವೂ ಬೇಡ ಎಂದೆ.

"ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ," ಎಂದರು ಅವರು.

ದುಃಖ ಅರ್ಥವಾಗುವುದಕ್ಕೆ ಓದು ಬೇಕಿಲ್ಲ. ಪಟ್ಟಿ ಅರ್ಥವಾಗಬೇಕಿತ್ತು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ.

"ಹಾಗಾದ್ರೆ ಗುಡ್ಡದ ಮಿಕ್ಕ ಜಾಗಕ್ಕೂ ಸೊನ್ನೆ ಹಾಕ್ಕೊಳ್ಳಿ. ಅಲ್ಲಿನ ಎಣಿಕೆಯೆಲ್ಲ ಇದರಲ್ಲೇ ಇರೋದು."

ಆಗ ಅವರಿಗೆ ನಾನು ಕಂಡೆ. ಆವರೆಗೆ ವಿಧವೆಯೊಬ್ಬಳು ಕಾಣುತ್ತಿದ್ದಳು, ಅಷ್ಟೆ. ಹುಡುಗಿಗೆ ಹೊಸ ಕಾಲಮ್ ಹಾಕಲು ಹೇಳಿದರು. ಸಂಜೆಯವರೆಗೆ ನಾನು ಓದಿದೆ, ಅವಳು ಟೈಪು ಮಾಡಿದಳು. ಕೊನೆಯ ನಾಲ್ಕು ಪುಟ ಯಜಮಾನರೊಬ್ಬರೇ ಹೋಗಿ ಬರೆದದ್ದು, ಅಕ್ಷರಗಳು ನಡುಗಿದ್ದವು. ಅವನ್ನು ಓದಲು ನನ್ನಿಂದ ಆಗಲಿಲ್ಲ. ಹುಡುಗಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ತಾನೇ ನೋಡಿ ಟೈಪು ಮಾಡಿದಳು. ಆ ಕಚೇರಿಯಲ್ಲಿ ನನಗೆ ಸಿಕ್ಕ ಶ್ರದ್ಧಾಂಜಲಿ ಎಂದರೆ ಅದೇ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಮುಖ್ಯಸ್ಥರು ಗಣಿಯವರಿಗೆ ಫೋನು ಮಾಡುತ್ತಿದ್ದದ್ದು ಕೇಳಿಸಿತು. ಯಂತ್ರ ಕಳಿಸಬೇಡಿ ಎಂದರು. ಆ ಕಡೆಯವರು ಯಾಕೆ ಎಂದು ಕೇಳಿರಬೇಕು.

"ದಿಬ್ಬದ ಮೇಲೆ ಹುಲ್ಲಿದೆ," ಎಂದರು, ಹಾವಿದೆ ಎನ್ನುವ ದನಿಯಲ್ಲಿ.

ಅವರ ಬಾಯಿಂದ ಇಷ್ಟು ಹೊರಡಿಸಲು ನನ್ನ ಯಜಮಾನರು ವರ್ಷಗಟ್ಟಲೆ ಹೆಣಗಿದ್ದರು. ಆ ಮಾತು ಹೊರಟಾಗ ಕೇಳಲು ಅವರಿರಲಿಲ್ಲ.